ಹೊರಗಿನ ಸದ್ದು ತಗ್ಗಿಸುವ ಹೆಡ್‌ಫೋನ್: ಅಗ್ಗದ್ದು ಸಾಕೇ, ದುಬಾರಿಯದ್ದೇ ಬೇಕೇ? ಕಾಸರಗೋಡಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಮಂಜೇಶ್ವರ, ಉಪ್ಪಳ, ಕುಂಬಳೆಯಿಂದ ದಿನಾ ಮಂಗಳೂರಿಗೆ ಹೋಗಿ ಬರುವವರು, ಬದಿಯಡ್ಕದ ಮನೆಯಲ್ಲಿ ಕೂತು ಬೆಂಗಳೂರಿನ ಕಂಪನಿಗೆ ಕೆಲಸ ಮಾಡುವವರು, ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯದ ಹಾಸ್ಟೆಲಿನಲ್ಲಿ ಓದುವವರು, ಗಲ್ಫಿನಲ್ಲಿರುವ ಅಣ್ಣನಿಗೆ "ಬರುವಾಗ ಒಂದು ಹೆಡ್‌ಫೋನ್ ತಾ" ಎಂದು ಫೋನು ಮಾಡುವವರು ಎಲ್ಲರೂ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಉತ್ತರಗಳನ್ನು ಇಲ್ಲಿ ಒಟ್ಟಿಗೆ ಬರೆದಿದ್ದೇನೆ. ಬೆಲೆ ನೋಡುವ ಮೊದಲು ನಿಮ್ಮನ್ನು ಕಾಡುವ ಸದ್ದು ಯಾವುದೆಂದು ಗುರುತಿಸಿಕೊಳ್ಳಿ ಎಂಬುದು ನನ್ನ ಮುಖ್ಯ ಮಾತು. ಮೂರು ಸಾವಿರದ್ದು ಸಾಕೋ ಮೂವತ್ತು ಸಾವಿರದ್ದು ಬೇಕೋ ಎಂಬುದು ಅಲ್ಲಿಂದಲೇ ತೀರ್ಮಾನವಾಗುತ್ತದೆ.

ನಾಯ್ಸ್ ಕ್ಯಾನ್ಸಲಿಂಗ್ ಅಂದರೆ ಎಂತದು? ಕಿವಿಗೆ ಹತ್ತಿ ಇಟ್ಟ ಹಾಗೆಯೇ?

ಅರ್ಧ ಹಾಗೆ, ಅರ್ಧ ಬೇರೆ. ಕಿವಿಯನ್ನು ಪೂರ್ತಿ ಮುಚ್ಚುವ ಮೆತ್ತನೆಯ ಕುಶನ್ ತಾನಾಗಿಯೇ ಒಂದಿಷ್ಟು ಸದ್ದನ್ನು ತಡೆಯುತ್ತದೆ. ಅದಕ್ಕೆ ಬ್ಯಾಟರಿ ಬೇಡ, ಚಿಪ್ ಬೇಡ. ಹೀಗೆ ತಡೆಯಲ್ಪಡುವುದು ಹೆಚ್ಚಾಗಿ ತೆಳು ಸ್ವರದ, ಕೀರಲು ಸದ್ದು.

ಎಎನ್‌ಸಿ (ಆ್ಯಕ್ಟಿವ್ ನಾಯ್ಸ್ ಕ್ಯಾನ್ಸಲಿಂಗ್) ಎನ್ನುವುದು ಅದರ ಮೇಲಿನ ಕೆಲಸ. ಹೆಡ್‌ಫೋನಿನ ಹೊರಮೈಯಲ್ಲಿರುವ ಪುಟ್ಟ ಮೈಕು ಸುತ್ತಲಿನ ಸದ್ದನ್ನು ಹಿಡಿಯುತ್ತದೆ. ಗಾಳಿಯ ಒತ್ತಡ ಏರುವ ಗಳಿಗೆಯಲ್ಲಿ ಅಷ್ಟೇ ಪ್ರಮಾಣದಲ್ಲಿ ಇಳಿಯುವ ಅಲೆಯೊಂದನ್ನು ಚಿಪ್ ಹುಟ್ಟಿಸಿ ಸ್ಪೀಕರಿಗೆ ಕೊಡುತ್ತದೆ. ಎರಡು ಅಲೆಗಳು ಒಂದನ್ನೊಂದು ಕಳೆದುಹಾಕುತ್ತವೆ. ಈ ತತ್ವಕ್ಕೆ ಪೌಲ್ ಲ್ಯೂಗ್ ಎಂಬ ಜರ್ಮನ್ ವಿಜ್ಞಾನಿ 1936ರಲ್ಲೇ ಅಮೆರಿಕದ ಪೇಟೆಂಟ್ ಪಡೆದಿದ್ದರು. ಬಳಕೆಗೆ ಬರಲು ದಶಕಗಳೇ ಹಿಡಿದವು. 1978ರಲ್ಲಿ ಜ್ಯೂರಿಕ್‌ನಿಂದ ಬಾಸ್ಟನ್‌ಗೆ ವಿಮಾನದಲ್ಲಿ ಹೋಗುವಾಗ ಇಂಜಿನ್ನಿನ ಗದ್ದಲದಲ್ಲಿ ಸಂಗೀತ ಕೇಳಲಾಗದ ಅಮರ್ ಬೋಸ್ ಅಲ್ಲೇ ಕೂತು ಲೆಕ್ಕ ಹಾಕತೊಡಗಿದರು. ಅವರ ತಂದೆ ಬಂಗಾಳದಿಂದ ಅಮೆರಿಕಕ್ಕೆ ಹೋದವರು. ಅವರ ಕಂಪನಿ 1989ರಲ್ಲಿ ಪೈಲಟ್‌ಗಳ ಹೆಡ್‌ಸೆಟ್ ತಂದಿತು, 2000ದಲ್ಲಿ ಕ್ವಯಟ್‌ಕಂಫರ್ಟ್ ಹೆಸರಿನಲ್ಲಿ ಸಾಮಾನ್ಯ ಪ್ರಯಾಣಿಕರಿಗೂ ಕೊಟ್ಟಿತು.

ವಿಮಾನದ ಮೊರೆತಕ್ಕಾಗಿ ಹುಟ್ಟಿದ ವಿದ್ಯೆ ಇಂದಿಗೂ ಮೊರೆತದಂಥ ಸದ್ದನ್ನೇ ಚೆನ್ನಾಗಿ ಕಳೆಯುತ್ತದೆ. ಕಾರಣ ಸರಳ. 100 ಹರ್ಟ್ಸ್‌ನ, ಅಂದರೆ ಸೆಕೆಂಡಿಗೆ 100 ಸಲ ಕಂಪಿಸುವ ದಪ್ಪ ಸ್ವರದ, ಒಂದು ಅಲೆ ಸುಮಾರು 3.4 ಮೀಟರ್ ಉದ್ದ, 3000 ಹರ್ಟ್ಸ್‌ನದ್ದು ಹನ್ನೊಂದು ಸೆಂಟಿಮೀಟರ್ ಅಷ್ಟೇ. ಉದ್ದನೆಯ ಅಲೆಗೆ ಎದುರಲೆ ಒಂದಿಷ್ಟು ತಡವಾಗಿ ಬಂದರೂ ನಡೆಯುತ್ತದೆ. ಗಿಡ್ಡ ಅಲೆಗೆ ಕೂದಲೆಳೆಯಷ್ಟು ತಡವಾದರೂ ಹೊಂದಾಣಿಕೆ ತಪ್ಪುತ್ತದೆ. ಆದ್ದರಿಂದ 1000 ಹರ್ಟ್ಸ್‌ನಿಂದ ಮೇಲಕ್ಕೆ ಹೋದಂತೆ ಎಎನ್‌ಸಿಯ ಕೈ ಕಟ್ಟುತ್ತ ಬರುತ್ತದೆ, ಉಳಿದದ್ದನ್ನು ಕುಶನ್ನೇ ನೋಡಿಕೊಳ್ಳಬೇಕು.

ನಮ್ಮ ಊರಿನ ಯಾವ ಸದ್ದು ಹೋಗುತ್ತದೆ, ಯಾವುದು ಉಳಿಯುತ್ತದೆ?

ಚೆನ್ನಾಗಿ ಹೋಗುವವು: ಬಸ್ಸಿನ ಇಂಜಿನ್ನಿನ ಗುರುಗುಟ್ಟುವಿಕೆ, ರೈಲಿನ ಗಾಲಿಗಳ ಗಡಗಡ, ಏಸಿ, ಸೀಲಿಂಗ್ ಫ್ಯಾನು, ಜನರೇಟರು, ವಿಮಾನ. ಕಾಸರಗೋಡಿನಿಂದ ಮಂಗಳೂರಿಗೆ ಬಸ್ಸಿನಲ್ಲಿ ಹೋಗುವವರಿಗೆ ಸಾಧಾರಣ ಬೆಲೆಯ ಹೆಡ್‌ಫೋನ್ ಕೂಡ ಒಳ್ಳೆಯ ನೆಮ್ಮದಿ ಕೊಡುತ್ತದೆ.

ಅರ್ಧಂಬರ್ಧ ಹೋಗುವವು: ಶೀಟಿನ ಮಾಡಿನ ಮೇಲೆ ಸುರಿಯುವ ಆಷಾಢದ ಮಳೆ. ಅದರಲ್ಲಿ ದಪ್ಪ ಸ್ವರದಿಂದ ತೆಳು ಸ್ವರದವರೆಗೆ ಎಲ್ಲವೂ ಉಂಟು. ತಳದ ಅಬ್ಬರ ಕಡಿಮೆಯಾಗುತ್ತದೆ, ಪಟಪಟ ಉಳಿಯುತ್ತದೆ. ಮಿಕ್ಸಿಯ ಕಥೆಯೂ ಹಾಗೆಯೇ. ಪಕ್ಕದ ಮೈದಾನದ ಧ್ವನಿವರ್ಧಕದಿಂದ ಬರುವ ಹಾಡಿನ ಬೇಸ್ ತಗ್ಗುತ್ತದೆ, ಹಾಡುವವರ ದನಿ ದೂರದಿಂದ ಬಂದಂತೆ ಕೇಳುತ್ತಲೇ ಇರುತ್ತದೆ.

ಹೆಚ್ಚಾಗಿ ಹೋಗದವು: ಹಾರ್ನು, ಕುಕ್ಕರಿನ ಸೀಟಿ, ಹತ್ತಿರ ಕೂತವರ ಮಾತು, ಮಗುವಿನ ಅಳು. ಚೆಂಡೆಯ ಪೆಟ್ಟು ಈ ಗುಂಪಿನಲ್ಲಿ ಎಲ್ಲಕ್ಕಿಂತ ಗಟ್ಟಿ. ಅದು ಥಟ್ಟನೆ ಹುಟ್ಟಿ ಥಟ್ಟನೆ ಮುಗಿಯುತ್ತದೆ, ಚಿಪ್ ಅದನ್ನು ಅಳೆದು ಎದುರಲೆ ಕಟ್ಟುವಷ್ಟು ಹೊತ್ತು ಕೊಡುವುದಿಲ್ಲ. ಗುಡ್ಡೆಯಾಚೆ ಯಕ್ಷಗಾನದ ಆಟ ಇರುವ ರಾತ್ರಿ ಪರೀಕ್ಷೆಗೆ ಓದಬೇಕೆಂದು ಹೆಡ್‌ಫೋನ್ ಕೊಳ್ಳುವವರು ಇದನ್ನು ತಿಳಿದೇ ಕೊಳ್ಳಬೇಕು.

ಮೂರು ಸಾವಿರದ್ದಕ್ಕೂ ಮೂವತ್ತು ಸಾವಿರದ್ದಕ್ಕೂ ನಿಜವಾಗಿ ಎಂತ ವ್ಯತ್ಯಾಸ?

ಹತ್ತು ಪಟ್ಟು ದುಡ್ಡಿಗೆ ಹತ್ತು ಪಟ್ಟು ಮೌನ ಸಿಗುವುದಿಲ್ಲ. ಫ್ಯಾನು, ಬಸ್ಸು, ಏಸಿಯ ಮಟ್ಟಿಗೆ ನೋಡಿದರೆ ಒಳ್ಳೆಯ ಅಗ್ಗದ ಹೆಡ್‌ಫೋನ್ ದುಬಾರಿಯದರ ಕೆಲಸದ ದೊಡ್ಡ ಪಾಲನ್ನು ಮಾಡಿಬಿಡುತ್ತದೆ. ವ್ಯತ್ಯಾಸ ಕಾಣುವುದು ಬೇರೆ ಕಡೆ.

ಮೊದಲನೆಯದು ಮನುಷ್ಯರ ಮಾತು. ಅಗ್ಗದವುಗಳಲ್ಲಿ ಹಲವಕ್ಕೆ ಎಎನ್‌ಸಿಗೆಂದು ಹೊರಗೆ ಮಾತ್ರ ಮೈಕು ಇರುತ್ತದೆ. ಕಿವಿಯ ಹತ್ತಿರ ಒಳಗೊಂದು, ಹೊರಗೊಂದು ಇದ್ದು, ಉಳಿದ ಸದ್ದನ್ನು ಮತ್ತೆ ಅಳೆದು ತಿದ್ದುವ ಬಗೆಗೆ ಹೈಬ್ರಿಡ್ ಎನ್ನುತ್ತಾರೆ. ಈಗ ಅಗ್ಗದವುಗಳಲ್ಲೂ ಕೆಲವಕ್ಕೆ ಹೈಬ್ರಿಡ್ ಬಂದಿದೆ. ಆದರೆ ಸೋನಿಯ ಡಬ್ಲ್ಯುಎಚ್-1000ಎಕ್ಸ್‌ಎಂ5ರಂಥದ್ದರಲ್ಲಿ ಎಂಟು ಮೈಕುಗಳೂ ಎರಡು ಚಿಪ್‌ಗಳೂ ಸೇರಿ ಈ ಕೆಲಸ ಮಾಡುತ್ತವೆ. ಆಫೀಸಿನ ಗುಜುಗುಜು, ರೈಲಿನಲ್ಲಿ ಎದುರಿನ ಸೀಟಿನವರ ಮಾತು ಇಂಥ ಕಡೆ ಆ ಹೆಚ್ಚಿನ ಖರ್ಚು ಕಿವಿಗೆ ಗೊತ್ತಾಗುತ್ತದೆ.

ಎರಡನೆಯದು ತಲೆಯ ಮೇಲೆ ಕೂರುವ ರೀತಿ. ಇದನ್ನು ಅಂಗಡಿಯಲ್ಲಿ ಯಾರೂ ಕೇಳುವುದಿಲ್ಲ, ನನ್ನ ಮಟ್ಟಿಗೆ ಇದೇ ದೊಡ್ಡದು. ಕುಶನ್ ಕಿವಿಯ ಸುತ್ತ ಬಿಗಿಯಾಗಿ ಕೂರದಿದ್ದರೆ, ಕನ್ನಡಕದ ಕಾಲು ನಡುವೆ ಸಂದು ಬಿಟ್ಟರೆ, ಎಷ್ಟೇ ದುಬಾರಿಯ ಚಿಪ್ ಇದ್ದರೂ ಸದ್ದು ಒಳಗೆ ನುಗ್ಗುತ್ತದೆ. ದುಬಾರಿಯವುಗಳ ಕುಶನ್ ಮೃದು, ಒತ್ತಡ ಎಲ್ಲ ಕಡೆ ಸಮ. ತೂಕದ ಲೆಕ್ಕ ಮಾತ್ರ ಬೆಲೆಯ ಲೆಕ್ಕದ ಹಾಗೆ ಹೋಗುವುದಿಲ್ಲ. ಎಕ್ಸ್‌ಎಂ5 250 ಗ್ರಾಂ, ಅದೇ ಕಂಪನಿಯ ಕಡಿಮೆ ಬೆಲೆಯ ಸಿಎಚ್720ಎನ್ 192 ಗ್ರಾಂ, ಈ ಮೂರರಲ್ಲಿ ಎಲ್ಲಕ್ಕಿಂತ ದುಬಾರಿಯಾದ ಆಪಲ್ ಏರ್‌ಪಾಡ್ಸ್ ಮ್ಯಾಕ್ಸ್ ಸುಮಾರು 385 ಗ್ರಾಂ. ಮೂರು ಗಂಟೆ ಹಾಕಿ ಕೂರುವ ಕುತ್ತಿಗೆಗೆ ಇದು ಸಣ್ಣ ವಿಷಯವಲ್ಲ.

ಮೂರನೆಯದು ಫೋನಿನಲ್ಲಿ ಮಾತಾಡುವಾಗ ಆಚೆಯವರಿಗೆ ಕೇಳುವ ನಿಮ್ಮ ದನಿ. ಗಾಳಿ ಬೀಸುವಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ ದುಬಾರಿಯವು ಹೆಚ್ಚಿನವು ಗೆಲ್ಲುತ್ತವೆ. ದಿನಕ್ಕೆ ನಾಲ್ಕಾರು ಮೀಟಿಂಗ್ ಇರುವವರು ಈ ಒಂದು ಕಾರಣಕ್ಕೇ ಹೆಚ್ಚು ಕೊಟ್ಟರೂ ನಷ್ಟವಿಲ್ಲ. ಮತ್ತೆ ಏಕಕಾಲಕ್ಕೆ ಫೋನಿಗೂ ಲ್ಯಾಪ್‌ಟಾಪಿಗೂ ಜೋಡಿಸಿಕೊಳ್ಳುವ ಸೌಲಭ್ಯ, ಆ್ಯಪಿನಲ್ಲಿ ಸ್ವರ ತಿದ್ದುವ ಅವಕಾಶ, ವರ್ಷಗಳ ನಂತರವೂ ಸಿಗುವ ಸಾಫ್ಟ್‌ವೇರ್ ಅಪ್‌ಡೇಟ್ ಇವೆಲ್ಲ ಉಂಟು.

ಬ್ಯಾಟರಿಯಲ್ಲಿ ಮಾತ್ರ ಅಗ್ಗದವು ಹಿಂದೆ ಬಿದ್ದಿಲ್ಲ. ಎಎನ್‌ಸಿ ಹಾಕಿಕೊಂಡೇ ಎಕ್ಸ್‌ಎಂ5 30 ಗಂಟೆ, ಬೋಸ್ ಕ್ವಯಟ್‌ಕಂಫರ್ಟ್ ಅಲ್ಟ್ರಾ (ಮೊದಲ ತಲೆಮಾರಿನದು) 24 ಗಂಟೆ, ಏರ್‌ಪಾಡ್ಸ್ ಮ್ಯಾಕ್ಸ್ 20 ಗಂಟೆ ಎಂದು ಕಂಪನಿಗಳು ಹೇಳುತ್ತವೆ. ಸಿಎಚ್720ಎನ್ 35 ಗಂಟೆ, ಜೆಬಿಎಲ್ ಟ್ಯೂನ್ 770ಎನ್‌ಸಿ 44 ಗಂಟೆ. ದುಬಾರಿ ಗುಂಪಿನಲ್ಲಿ ಸೆನ್‌ಹೈಸರ್ ಮೊಮೆಂಟಮ್ 4 60 ಗಂಟೆ ಎಂದು ಎದ್ದು ನಿಲ್ಲುತ್ತದೆ. ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟಿಲ್ಲದ ಒಳಪ್ರದೇಶದವರು ಈ ಅಂಕಿಗಳನ್ನು ಗಮನಿಸಿ.

ಡಬ್ಬಿಯ ಮೇಲೆ "45 ಡೆಸಿಬೆಲ್‌ವರೆಗೆ" ಎಂದು ಬರೆದಿರುತ್ತದೆ. ನಂಬಬಹುದಾ?

"ವರೆಗೆ" ಎಂದಿರುವುದನ್ನು ಓದಿ. ಯಾವುದೋ ಒಂದು ಆವರ್ತನದಲ್ಲಿ, ಪ್ರಯೋಗಾಲಯದಲ್ಲಿ ಸಿಕ್ಕಿದ ಗರಿಷ್ಠ ಅಂಕಿ ಅದು. ಎಲ್ಲ ಸದ್ದೂ ಅಷ್ಟು ತಗ್ಗುತ್ತದೆ ಎಂದಲ್ಲ. ನಮ್ಮ ಕಿವಿಗೆ 10 ಡೆಸಿಬೆಲ್ ಇಳಿದರೆ ಸದ್ದು ಸುಮಾರು ಅರ್ಧವಾದಂತೆ, 20 ಇಳಿದರೆ ಕಾಲು ಭಾಗವಾದಂತೆ ಅನಿಸುತ್ತದೆ. ಹಾಗಾಗಿ ಬಸ್ಸಿನ ಮೊರೆತದಲ್ಲಿ ನಿಜವಾದ 20 ಡೆಸಿಬೆಲ್ ಸಿಕ್ಕಿದರೂ ಅದು ದೊಡ್ಡ ಲಾಭವೇ. ಒಂದರ ಡಬ್ಬಿಯ 45ನ್ನು ಇನ್ನೊಂದರ ಡಬ್ಬಿಯ 35ರ ಜೊತೆ ಹೋಲಿಸಿ ಕೊಳ್ಳಬೇಡಿ. ಅಳೆದ ರೀತಿ ಒಂದೇ ಅಲ್ಲ.

1,500 ರೂಪಾಯಿಯ ಇಯರ್‌ಬಡ್ಸಿನಲ್ಲಿ "ಇಎನ್‌ಸಿ" ಎಂದುಂಟು. ಅದೂ ಎಎನ್‌ಸಿಯೇ ಅಲ್ಲವಾ?

ಅಲ್ಲ. ಇಎನ್‌ಸಿ ಕೆಲಸ ಮಾಡುವುದು ನೀವು ಫೋನಿನಲ್ಲಿ ಮಾತಾಡುವಾಗ, ಅದೂ ಆಚೆಯವರ ಅನುಕೂಲಕ್ಕೆ. ನಿಮ್ಮ ಹಿಂದಿನ ಗದ್ದಲವನ್ನು ಮೈಕಿನಿಂದ ಸೋಸಿ ಕಳಿಸುತ್ತದೆ. ನಿಮ್ಮ ಕಿವಿಗೆ ಬೀಳುವ ಸದ್ದು ಒಂದಿಷ್ಟೂ ಕಡಿಮೆಯಾಗುವುದಿಲ್ಲ. ಆನ್‌ಲೈನಿನಲ್ಲಿ "ನಾಯ್ಸ್ ಕ್ಯಾನ್ಸಲೇಶನ್" ಎಂದು ದಪ್ಪಕ್ಷರದಲ್ಲಿ ಹಾಕಿ ಕೆಳಗೆ ಇಎನ್‌ಸಿ ಎಂದು ಸಣ್ಣಕ್ಷರದಲ್ಲಿ ಬರೆದದ್ದು ಬೇಕಾದಷ್ಟು ಸಿಗುತ್ತದೆ. ನಮ್ಮ ಕಾಲೇಜು ಮಕ್ಕಳು ಕೂಡಿಟ್ಟ ದುಡ್ಡು ಹೀಗೆ ಹೋಗುವುದನ್ನು ನೋಡಿದರೆ ಬೇಸರವಾಗುತ್ತದೆ. "ಆ್ಯಕ್ಟಿವ್" ಎಂಬ ಪದ ಇದೆಯೇ ನೋಡಿ, ಎಎನ್‌ಸಿಯನ್ನು ಹಾಕಿ ತೆಗೆಯುವ ಬಟನ್ ಇದೆಯೇ ಕೇಳಿ.

ನಾನು ಹೆಚ್ಚಾಗಿ ಭಾಗವತಿಕೆ, ತಾಳಮದ್ದಳೆ ಕೇಳುವುದು. ಯಾವುದು ಒಳ್ಳೆಯದು?

ಈ ಪ್ರಶ್ನೆ ನನಗೆ ಬಹಳ ಇಷ್ಟ. ಯಕ್ಷಗಾನ ಕವಿ ಪಾರ್ತಿಸುಬ್ಬನ ಊರಿನವರಲ್ಲದೆ ಬೇರೆ ಯಾರು ಕೇಳಬೇಕು?

ಎರಡು ಮೂರು ಸಾವಿರದ ಹೆಡ್‌ಫೋನುಗಳನ್ನು ಬಹುಪಾಲು ಸಿನಿಮಾ ಹಾಡಿಗೆಂದು ಹದಗೊಳಿಸಿರುತ್ತಾರೆ. ಬೇಸ್ ವಿಪರೀತ. ಅದರಲ್ಲಿ ಮದ್ದಳೆ ಗುಮ್ಮೆಂದು ಊದಿಕೊಳ್ಳುತ್ತದೆ, ಭಾಗವತರ ಏರುಸ್ವರ ಅದರ ಹಿಂದೆ ಹೋಗುತ್ತದೆ, ಜಾಗಟೆಯೂ ಚೆಂಡೆಯೂ ಒಂದರ ಮೇಲೊಂದು ಬಿದ್ದು ಕಲಸಿಹೋಗುತ್ತವೆ. ತಾಳಮದ್ದಳೆಯಲ್ಲಿ ಮಾತೇ ಜೀವ. ಅರ್ಥಧಾರಿ ತಗ್ಗಿದ ದನಿಯಲ್ಲಿ ಹೇಳುವ ಒಂದು ಮಾತು ಮಸುಕಾದರೆ ಸಂವಾದದ ಎಳೆಯೇ ತಪ್ಪುತ್ತದೆ.

ನೀವು ನೋಡಬೇಕಾದದ್ದು ಆ್ಯಪಿನಲ್ಲಿ ಈಕ್ವಲೈಸರ್ (ದಪ್ಪ, ತೆಳು ಸ್ವರಗಳನ್ನು ಬೇರೆಬೇರೆಯಾಗಿ ಏರಿಸಿ ಇಳಿಸುವ ಸೌಲಭ್ಯ) ಇದೆಯೇ ಎಂದು. ಇದ್ದರೆ 100 ಹರ್ಟ್ಸ್ ಸುತ್ತಲಿನದನ್ನು ಮೂರ್ನಾಲ್ಕು ಮೆಟ್ಟಿಲು ಇಳಿಸಿ, 1000ದಿಂದ 3000 ಹರ್ಟ್ಸ್‌ವರೆಗಿನದನ್ನು ಒಂದೆರಡು ಏರಿಸಿ. ಪದ್ಯ ಬಿಡಿಯಾಗಿ ಕೇಳತೊಡಗುತ್ತದೆ. ದುಬಾರಿಯವುಗಳಲ್ಲೂ ಪೆಟ್ಟಿಗೆಯಿಂದ ತೆಗೆದಾಗ ಬೇಸ್ ಸ್ವಲ್ಪ ಮುಂದೆಯೇ ಇರುತ್ತದೆ, ತಿದ್ದಿದರೆ ಸರಿಹೋಗುತ್ತದೆ. ಹಳೆಯ ಕ್ಯಾಸೆಟಿನಿಂದ ಇಳಿಸಿದ ಧ್ವನಿಮುದ್ರಣವಾದರೆ ಅದರಲ್ಲೇ ಇರುವ ಸುಂಯ್ ಸದ್ದನ್ನು ಯಾವ ಎಎನ್‌ಸಿಯೂ ತೆಗೆಯುವುದಿಲ್ಲ, ಅದು ಹೊರಗಿನ ಸದ್ದಲ್ಲವಲ್ಲ. ಅಂಗಡಿಯಲ್ಲಿ ಪರೀಕ್ಷಿಸುವಾಗ ಅವರು ಹಾಕುವ ಹಾಡಿಗೆ ತಲೆದೂಗಬೇಡಿ. ನಿಮಗೆ ಬಾಯಿಪಾಠವಾಗಿರುವ ಒಂದು ಪದ್ಯವನ್ನು ನಿಮ್ಮ ಫೋನಿನಿಂದಲೇ ಹಾಕಿ ಕೇಳಿ.

ಎಲ್‌ಡಿಎಸಿ, ಎಎಸಿ, ಎಸ್‌ಬಿಸಿ ಇವೆಲ್ಲ ನೋಡಬೇಕಾ?

ಇವು ಬ್ಲೂಟೂತ್‌ನಲ್ಲಿ ಹಾಡನ್ನು ಅಡಕಮಾಡಿ ಕಳಿಸುವ ಬಗೆಗಳು. ಐಫೋನ್ ಇದ್ದರೆ ನೋಡುವುದು ಬೇಡ, ಅದು ಎಎಸಿಯಲ್ಲೇ ಕಳಿಸುವುದು. ಆಂಡ್ರಾಯ್ಡ್ ಇದ್ದು, ಒಳ್ಳೆಯ ಗುಣಮಟ್ಟದ ಧ್ವನಿಮುದ್ರಣ ಕೇಳುವವರಾದರೆ ಸೆಕೆಂಡಿಗೆ 990 ಕಿಲೋಬಿಟ್‌ವರೆಗೆ ಸಾಗಿಸುವ ಎಲ್‌ಡಿಎಸಿ ಇದ್ದರೆ ಚೆಂದ. ಅದು ದುಬಾರಿಯವುಗಳ ಸ್ವತ್ತೇನಲ್ಲ. ಸೌಂಡ್‌ಕೋರ್ ಸ್ಪೇಸ್ ಒನ್‌ನಂಥ ಮಧ್ಯಮ ಬೆಲೆಯದರಲ್ಲೂ ಉಂಟು. ಯೂಟ್ಯೂಬಿನಲ್ಲಿ ಆಟ ನೋಡುವುದಕ್ಕೆ ವ್ಯತ್ಯಾಸ ಕಾಣದು.

ನಮ್ಮ ಸೆಕೆಗೆ, ಮಳೆಗೆ ಇವು ಬಾಳಿಕೆ ಬರುತ್ತವೆಯೇ?

ಕರಾವಳಿಯ ಆರ್ದ್ರತೆ ಹೆಡ್‌ಫೋನಿನ ದೊಡ್ಡ ಶತ್ರು. ಕುಶನ್‌ನ ಮೇಲಿರುವುದು ಹೆಚ್ಚಾಗಿ ಕೃತಕ ಚರ್ಮ. ಬೆವರು ಕುಡಿದು, ಒಣಗದೆ, ಎರಡು ಮೂರು ಮಳೆಗಾಲದಲ್ಲಿ ಸುಲಿಯತೊಡಗುತ್ತದೆ. ಬೆಲೆ ಎಷ್ಟೇ ಇರಲಿ, ಇದು ತಪ್ಪಿದ್ದಲ್ಲ. ಕೊಳ್ಳುವಾಗಲೇ ಕೇಳಬೇಕಾದ ಮಾತು: ಬದಲಿ ಕುಶನ್ ಸಿಗುತ್ತದೆಯೇ? ಹೆಸರಾಂತ ದುಬಾರಿ ಮಾಡೆಲುಗಳಿಗೆ ಕಂಪನಿಯದ್ದೂ ಸಿಗುತ್ತದೆ, ಬೇರೆಯವರು ಮಾಡಿದ್ದೂ ಸಿಗುತ್ತದೆ. ಅಷ್ಟಾಗಿ ಮಾರಾಟವಾಗದ ಅಗ್ಗದ ಮಾಡೆಲಿಗೆ ಸಿಗದೆ ಹೋಗಬಹುದು, ಆಗ ಒಳಗೆ ಎಲ್ಲ ಸರಿಯಿದ್ದರೂ ಮೂಲೆ ಸೇರುತ್ತದೆ. ನಾಲ್ಕೈದು ವರ್ಷದ ಲೆಕ್ಕದಲ್ಲಿ ನೋಡಿದರೆ ದುಬಾರಿಯದ್ದು ಅಷ್ಟು ದುಬಾರಿ ಅಲ್ಲ ಎನ್ನಿಸುವುದು ಇಲ್ಲಿ.

ಎಕ್ಸ್‌ಎಂ5, ಕ್ವಯಟ್‌ಕಂಫರ್ಟ್ ಅಲ್ಟ್ರಾ ಇಂಥವುಗಳಿಗೂ ನೀರು ತಡೆಯುವ ಐಪಿ ರೇಟಿಂಗ್ ಇಲ್ಲ. ಮಳೆಯಲ್ಲಿ ಹಾಕಿಕೊಂಡು ನಡೆಯಬೇಡಿ. ಬಳಸಿದ ಮೇಲೆ ಒಣಬಟ್ಟೆಯಲ್ಲಿ ಒರೆಸಿ, ಹತ್ತು ನಿಮಿಷ ಫ್ಯಾನಿನ ಗಾಳಿಗಿಟ್ಟು, ಬಳಿಕ ಸಿಲಿಕಾ ಜೆಲ್ ಪೊಟ್ಟಣ ಹಾಕಿದ ಡಬ್ಬಿಯಲ್ಲಿಡಿ. ಬೆವರಿ ನಡೆಯುವವರಿಗೆ, ವ್ಯಾಯಾಮ ಮಾಡುವವರಿಗೆ ನೀರಿನ ಹನಿ ತಾಳುವ ಐಪಿಎಕ್ಸ್4 ರೇಟಿಂಗ್ ಇರುವ ಇಯರ್‌ಬಡ್ಸೇ ಸರಿ.

ದುಬೈಯಿಂದ ತರಿಸಿದರೆ ಲಾಭವೇ?

ಬೆಲೆ ಕೆಲವೊಮ್ಮೆ ಕಡಿಮೆ ಇರುತ್ತದೆ, ಹೊಸ ಮಾಡೆಲು ಬೇಗ ಸಿಗುತ್ತದೆ. ಆದರೆ ಹೆಚ್ಚಿನ ಕಂಪನಿಗಳ ವಾರಂಟಿ ಕೊಂಡ ದೇಶಕ್ಕೇ ಸೀಮಿತ. ಎಡಗಿವಿಯದ್ದು ಸತ್ತುಹೋದರೆ ಅಣ್ಣ ಮುಂದಿನ ರಜೆಗೆ ಬಂದು ಹೋಗುವವರೆಗೆ ಕಾಯಬೇಕು. ವ್ಯತ್ಯಾಸ ಎರಡು ಮೂರು ಸಾವಿರವಾದರೆ ಇಲ್ಲೇ ಬಿಲ್ಲು ಪಡೆದು ಕೊಳ್ಳಿ ಎನ್ನುವುದು ನನ್ನ ಮಾತು. ತರಿಸುವುದೇ ಆದರೆ ಕಂಪನಿಯ ಅಧಿಕೃತ ಅಂಗಡಿಯಿಂದ, ಬಿಲ್ಲಿನ ಸಮೇತ. ತರುವವರ ಉಳಿದ ಸಾಮಾನಿನ ಜೊತೆ ಸೇರಿಸಿ ಕಸ್ಟಮ್ಸಿನ ಸುಂಕವಿಲ್ಲದ ಮಿತಿಯೊಳಗೆ ಬರುತ್ತದೆಯೇ ಎಂದೂ ಲೆಕ್ಕ ಹಾಕಿಕೊಳ್ಳಿ.

ಹೋಗಿ ಬರುವವರಿಗೇ ಕೊಡಿಸುವುದಾದರೆ ಮಾತು ಬೇರೆ. ಮಂಗಳೂರಿನಿಂದಲೋ ಕಣ್ಣೂರಿನಿಂದಲೋ ಗಲ್ಫಿಗೆ ಮೂರೂವರೆ ನಾಲ್ಕು ಗಂಟೆ ಇಂಜಿನ್ನಿನ ಸದ್ದಿನಲ್ಲಿ ಕೂರುವ ಜೀವಕ್ಕೆ ಒಳ್ಳೆಯ ಹೆಡ್‌ಫೋನ್‌ಗಿಂತ ಉಪಕಾರದ ಉಡುಗೊರೆ ಕಡಿಮೆ.

ಮಂಗಳೂರಿನಲ್ಲಿ ಕೊಂಡರೆ ಕೇರಳದಲ್ಲಿ ವಾರಂಟಿ ನಡೆಯುತ್ತದಾ?

ನಡೆಯುತ್ತದೆ. ಭಾರತದ ವಾರಂಟಿಗೆ ರಾಜ್ಯದ ಗಡಿ ಇಲ್ಲ. ತಲಪಾಡಿ ದಾಟಿದರೂ ಬಿಲ್ಲಿಗೆ ಅಷ್ಟೇ ಬೆಲೆ. ಕೊಳ್ಳುವ ಮೊದಲು ಕಂಪನಿಯ ಜಾಲತಾಣದಲ್ಲಿ ನಿಮ್ಮ ಪಿನ್‌ಕೋಡ್ ಹಾಕಿ, ಸರ್ವಿಸ್ ಸೆಂಟರ್ ಎಲ್ಲಿ, ಮನೆಯಿಂದ ಒಯ್ಯುವ ವ್ಯವಸ್ಥೆ ಉಂಟೋ ಎಂದು ನೋಡಿ. ಮುಳ್ಳೇರಿಯ, ಬಂದಡ್ಕದಿಂದ ಇದಕ್ಕಾಗಿ ದೂರದ ಪೇಟೆಗೆ ಅಲೆಯುವುದೆಂದರೆ ಕೂಲಿಯೂ ಹೋಯಿತು, ದಿನವೂ ಹೋಯಿತು. ಅಂಗಡಿಯವರೋ ಕಂಪನಿಯವರೋ ಸತಾಯಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನು ಮಾಡಿ, ಕನ್ನಡದಲ್ಲೇ ದೂರು ಹೇಳಬಹುದು.

"ಫಸ್ಟ್ ಕಾಪಿ" ಎಂದು ಎರಡೂವರೆ ಸಾವಿರಕ್ಕೆ ಏರ್‌ಪಾಡ್ಸ್ ಮ್ಯಾಕ್ಸ್ ಕೊಡುತ್ತಾರೆ. ಪರವಾಗಿಲ್ಲವಾ?

ಬೇಡ. ಅದು ನಕಲಿ. ಅಷ್ಟೇ ದುಡ್ಡಿಗೆ ಸ್ವಂತ ಹೆಸರಿನಲ್ಲಿ ಮಾರುವ ಭಾರತದ ಕಂಪನಿಗಳ ಹೆಡ್‌ಫೋನ್ ವಾರಂಟಿಯೊಂದಿಗೆ ಸಿಗುತ್ತದೆ. ನಕಲಿಯ ಬ್ಯಾಟರಿ ಯಾರು ಮಾಡಿದ್ದು, ಎಂಥದ್ದು ಎಂದು ಕೇಳಲು ಯಾರೂ ಇರುವುದಿಲ್ಲ, ಅದು ಇರುವುದು ನಿಮ್ಮ ಕಿವಿಯ ಪಕ್ಕದಲ್ಲಿ. ಇಲ್ಲಿ ಮಾರುವ ವೈರ್‌ಲೆಸ್ ಹೆಡ್‌ಫೋನಿಗೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ನೋಂದಣಿ ಕಡ್ಡಾಯ. ಡಬ್ಬಿಯ ಮೇಲೆ "ಆರ್" ಅಕ್ಷರದಿಂದ ಶುರುವಾಗುವ ಸಂಖ್ಯೆ ಇರುತ್ತದೆ, ಬಿಐಎಸ್ ಕೇರ್ ಆ್ಯಪಿನಲ್ಲಿ ಹಾಕಿದರೆ ಯಾರ ಹೆಸರಿನಲ್ಲಿದೆ ಎಂದು ಗೊತ್ತಾಗುತ್ತದೆ.

ತೋಟದಲ್ಲಿ ವೀಡ್ ಕಟ್ಟರ್ ಓಡಿಸುವಾಗ, ಅಡಿಕೆಗೆ ಮದ್ದು ಬಿಡುವ ಪಂಪಿನ ಹತ್ತಿರ ನಿಲ್ಲುವಾಗ ಹಾಕಿಕೊಳ್ಳಬಹುದೇ?

ದಯವಿಟ್ಟು ಇದನ್ನು ಕಿವಿರಕ್ಷಣೆ ಎಂದು ಭಾವಿಸಬೇಡಿ. ವೀಡ್ ಕಟ್ಟರ್‌ನ ಸದ್ದು ಓಡಿಸುವವರ ಕಿವಿಯ ಬಳಿ 90 ಡೆಸಿಬೆಲ್ ದಾಟುತ್ತದೆ, ಅದರಲ್ಲಿ ತೆಳು ಸ್ವರದ ಪಾಲೂ ದೊಡ್ಡದು. ಎಎನ್‌ಸಿ ದಪ್ಪ ಸ್ವರವನ್ನು ತೆಗೆದಾಗ ಸದ್ದೇ ಕಡಿಮೆಯಾಯಿತು ಎಂದು ಅನಿಸುತ್ತದೆ, ಹಾನಿ ಮಾಡುವ ಉಳಿದ ಸದ್ದು ಕಿವಿಗೆ ಬೀಳುತ್ತಲೇ ಇರುತ್ತದೆ. ಮೇಲಿನಿಂದ ಹಾಡನ್ನೂ ಹಾಕಿದರೆ ಹಾನಿ ಇಮ್ಮಡಿ. ಕಲ್ಲು ಸಿಡಿದದ್ದು, ಯಾರಾದರೂ ಕರೆದದ್ದು ಗೊತ್ತಾಗದಿರುವುದು ಇನ್ನೊಂದು ಅಪಾಯ. ಎಷ್ಟು ಡೆಸಿಬೆಲ್ ತಡೆಯುತ್ತದೆ ಎಂದು ಪರೀಕ್ಷೆ ಮಾಡಿ ಎನ್‌ಆರ್‌ಆರ್ ಅಥವಾ ಎಸ್‌ಎನ್‌ಆರ್ ಅಂಕಿ ನಮೂದಿಸಿರುವ ಇಯರ್‌ಮಫ್ ಸಿಗುತ್ತದೆ, ಬೆಲೆಯೂ ಹೆಚ್ಚಿಲ್ಲ. ತೋಟಕ್ಕೆ ಬರುವ ಕೆಲಸದವರಿಗೂ ಒಂದು ಕೊಡಿಸಿ. ದಿನವಿಡೀ ಆ ಸದ್ದಿನಲ್ಲಿರುವವರು ಅವರು.

ಸ್ಕೂಟರಿನಲ್ಲಿ, ನಡೆಯುವಾಗ?

ಸ್ಕೂಟರಿನಲ್ಲಿ ಬೇಡವೇ ಬೇಡ. ನಡೆಯುವಾಗ ಹೊರಗಿನ ಸದ್ದನ್ನು ಒಳಬಿಡುವ ಟ್ರಾನ್ಸ್‌ಪರೆನ್ಸಿ ಮೋಡ್ ಹಾಕಿ. ನಮ್ಮಲ್ಲಿ ಹಳಿಯ ಬದಿಯ ದಾರಿಯಲ್ಲೇ ಸ್ಟೇಷನ್ನಿಗೆ ನಡೆಯುವವರು ತುಂಬ ಮಂದಿ. ವಿದ್ಯುತ್ ರೈಲು ಹತ್ತಿರ ಬರುವವರೆಗೆ ಸದ್ದೇ ಕಡಿಮೆ, ಬರುವ ಆ ದಪ್ಪ ಗಡಗಡವನ್ನೇ ಎಎನ್‌ಸಿ ಅಳಿಸಿಬಿಡುತ್ತದೆ. ಹಳಿಯ ಹತ್ತಿರ ಹೆಡ್‌ಫೋನ್ ಕುತ್ತಿಗೆಯಲ್ಲಿರಲಿ, ಕಿವಿಯ ಮೇಲೆ ಬೇಡ.

ಮಕ್ಕಳ ಕಿವಿಗೆ ತೊಂದರೆಯೇ?

ತೊಂದರೆ ಕೊಡುವುದು ವಾಲ್ಯೂಮು, ಎಎನ್‌ಸಿ ಅಲ್ಲ. ಬಸ್ಸಿನ ಗದ್ದಲವನ್ನು ಮೀರಿಸಲೆಂದು ಸಾದಾ ಇಯರ್‌ಫೋನಿನ ವಾಲ್ಯೂಮನ್ನು ತುದಿಗೇರಿಸುವವರಿಗೆ ಎಎನ್‌ಸಿ ಉಪಕಾರವನ್ನೇ ಮಾಡುತ್ತದೆ. ದೊಡ್ಡವರಿಗೆ ವಾರಕ್ಕೆ 40 ಗಂಟೆ 80 ಡೆಸಿಬೆಲ್, ಮಕ್ಕಳಿಗೆ 75 ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಿತಿ. ಫೋನಿನ ಸೆಟ್ಟಿಂಗಿನಲ್ಲೇ ವಾಲ್ಯೂಮ್ ಮಿತಿ ಹಾಕಿಟ್ಟು ಕೊಡಿ.

ಎಎನ್‌ಸಿ ಹಾಕಿದ ಕೂಡಲೇ ಕಿವಿ ಕಟ್ಟಿದ ಹಾಗಾಗುತ್ತದೆ.

ಕೆಲವರಿಗೆ ಆಗುತ್ತದೆ. ಗಾಳಿಯ ಒತ್ತಡ ನಿಜವಾಗಿ ಬದಲಾಗಿರುವುದಿಲ್ಲ, ದಪ್ಪ ಸ್ವರ ಏಕಾಏಕಿ ಇಲ್ಲವಾದದ್ದನ್ನು ಮಿದುಳು ಹಾಗೆ ಗ್ರಹಿಸುತ್ತದೆ. ಎಎನ್‌ಸಿಯ ಪ್ರಮಾಣವನ್ನು ಕಡಿಮೆ ಮಾಡುವ ಅವಕಾಶ ಇರುವ ಮಾಡೆಲು ಆರಿಸಿ. ತಲೆಸುತ್ತು ಬಂದರೆ ಬಳಸಬೇಡಿ.

ಕೊನೆಗೆ ನೀವೇ ಹೇಳಿ, ಯಾರಿಗೆ ಯಾವುದು?

ಬಸ್ಸು ರೈಲಿನಲ್ಲಿ ಹಾಡು ಕೇಳುವ ವಿದ್ಯಾರ್ಥಿಗೆ ಮೂರರಿಂದ ಐದು ಸಾವಿರದೊಳಗಿನ, ಹೈಬ್ರಿಡ್ ಎಎನ್‌ಸಿ ಇರುವ ಹೆಡ್‌ಫೋನ್ ಸಾಕು. ಅದಕ್ಕಿಂತ ಹೆಚ್ಚಿನದ್ದು ಕೊಡಿಸಿ ಎಂದು ಅಪ್ಪನ ಬೆನ್ನು ಬೀಳಬೇಡಿ. ಮನೆಯಲ್ಲಿ ಫ್ಯಾನು, ಮಳೆ, ಟಿವಿಯ ನಡುವೆ ಕೆಲಸ ಮಾಡುವವರಿಗೆ ಏಳರಿಂದ ಹನ್ನೆರಡು ಸಾವಿರದ ಮಧ್ಯಮ ಗುಂಪು ದುಡ್ಡಿಗೆ ಸರಿಯಾದ ಬೆಲೆ ಕೊಡುತ್ತದೆ, ಸಿಎಚ್720ಎನ್‌ನಂಥ ಹಗುರದ್ದಾದರೆ ದಿನವಿಡೀ ಹಾಕಿಕೊಳ್ಳಬಹುದು. ದಿನಾ ಹತ್ತಾರು ಕರೆ, ಗುಜುಗುಜು ಆಫೀಸು, ಪದೇ ಪದೇ ವಿಮಾನ ಇದ್ದರೆ ಇಪ್ಪತ್ತೈದು ಸಾವಿರ ಮೇಲಿನದ್ದಕ್ಕೆ ಅರ್ಥವಿದೆ. ಆಗಲೂ ಹೊಸ ಮಾಡೆಲು ಬಂದ ವಾರದಲ್ಲಿ ಹಿಂದಿನ ಮಾಡೆಲಿನ ಬೆಲೆ ನೋಡಿ. 2025ರಲ್ಲಿ ಎಕ್ಸ್‌ಎಂ6 ಬಂದಿತೆಂದು 2022ರ ಎಕ್ಸ್‌ಎಂ5ರ ಕಿವಿ ಮಂದವಾಗಿಲ್ಲ.

ಹಳೆಯದ್ದನ್ನು ಎಂತ ಮಾಡುವುದು?

ಕುಶನ್ ಮಾತ್ರ ಹೋಗಿದ್ದರೆ ಬದಲಿಸಿ ಮನೆಯ ಹಿರಿಯರಿಗೆ ಕೊಡಿ. ಹಲವಕ್ಕೆ 3.5 ಮಿಲಿಮೀಟರ್ ತಂತಿ ಹಾಕುವ ತೂತು ಇರುತ್ತದೆ, ಅವುಗಳಲ್ಲಿ ಕೆಲವನ್ನು ಬ್ಯಾಟರಿ ಸೋತರೂ ರೇಡಿಯೋಗೆ ಜೋಡಿಸಿ ಕೇಳಬಹುದು. ಪೂರ್ತಿ ಕೆಟ್ಟದ್ದನ್ನು ತೆಂಗಿನ ಗರಿಯ ಜೊತೆ ಬೆಂಕಿಗೆ ಹಾಕಬೇಡಿ, ಒಳಗಿರುವುದು ಲಿಥಿಯಂ. ಪಂಚಾಯತಿನ ಹರಿತ ಕರ್ಮ ಸೇನೆಯವರು ಮನೆಗೆ ಬಂದಾಗ ಇ-ತ್ಯಾಜ್ಯ ಯಾವ ತಿಂಗಳು ಒಯ್ಯುತ್ತಾರೆ ಎಂದು ಕೇಳಿಟ್ಟುಕೊಂಡು, ಪ್ಲಾಸ್ಟಿಕ್ಕಿನ ಜೊತೆ ಬೆರೆಸದೆ ಬೇರೆಯಾಗಿ ಕೊಡಿ.